ಲಕ್ಕವ್ವ ಕೇಳಿದ ಬರ್ಮಾ ಕಾದಂಬರಿ

ಸರಸ್ವತಿ ಟೀಚರ್ ಜಯನಗರದ ಹೈಸ್ಕೂಲೊಂದರಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಪರೀಕ್ಷಿಸದೆ ಯಾವುದನ್ನೂ ನಂಬಿದವರಲ್ಲ. ಹಾಲಿಗೆ ನೀರು ಬೆರೆತಿದೆಯೇ ಎಂದು ಅಳೆಯುವ ಗಾಜಿನ ಕೊಳವೆ ಅವರ ಅಡುಗೆಮನೆಯಲ್ಲಿತ್ತು. ೧೯೯೮ರಲ್ಲಿ ಬರ್ಮಾದ ಕಾದಂಬರಿಯೊಂದು ಇಂಗ್ಲಿಷಿನಲ್ಲಿ ಅವರ ಕೈಗೆ ಸಿಕ್ಕಿತು. ನದಿ ದಂಡೆಯಲ್ಲಿ ಒಣಮೀನು ಮಾರಿ ಮಕ್ಕಳನ್ನು ಸಾಕಿದ ಹೆಂಗಸೊಬ್ಬಳ ಬದುಕು. ಕನ್ನಡಕ್ಕೆ ತರಲು ಕೂತೇಬಿಟ್ಟರು.

ಬರೆದದ್ದಕ್ಕೂ ಒಂದು ಪರೀಕ್ಷೆಯಿತ್ತು. ಇಟ್ಟಮಡುವಿನ ಅವರ ಮನೆಯ ಮಹಡಿಯಲ್ಲಿ ಬಾಗಲಕೋಟೆ ಕಡೆಯ ಲಕ್ಕವ್ವ ಬಾಡಿಗೆಗಿದ್ದಳು. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು ಮಾರಿ, ಮಗಳನ್ನು ಬೆಳೆಸಿದವಳು. ಮಧ್ಯಾಹ್ನ ಅವಳು ಕೆಳಗೆ ಬಂದು ಕೂತರೆ ಟೀಚರ್ ಗಟ್ಟಿಯಾಗಿ ಓದುವರು. ಅವಳು ಆಕಳಿಸಿದ ಕಡೆ ಪೆನ್ಸಿಲಿನ ಗೆರೆ ಬೀಳುತ್ತಿತ್ತು.

ಮೂರನೆಯ ಅಧ್ಯಾಯದಲ್ಲಿ ಲಕ್ಕವ್ವ ಆಕಳಿಸಲಿಲ್ಲ. ಮೀನು ಮಾರುವವಳು ಗಂಡ ಸತ್ತ ಮೇಲೂ ಕೆನ್ನೆಗೆ ಅರಿಶಿನ ಹಚ್ಚಿಕೊಂಡು ಸಂತೆಗೆ ಹೊರಟಿದ್ದಳು.

“ಗಂಡ ಸತ್ತ ಮ್ಯಾಲೂ ಹಚ್ಕೊಂಡ್ಲೇನ್ರೀ ಅಕ್ಕೋರ?”

“ಪುಸ್ತಕದಲ್ಲಿ ಹಾಗೇ ಇದೆ.”

“ಅಬಾಬಾ, ಗಟ್ಟಿ ಹೆಣ್ಮಗಳು!”

ಆ ತಿಂಗಳೇ ಲಕ್ಕವ್ವನ ಮಗಳು ಭಾಗ್ಯಜ್ಯೋತಿಯ ಮದುವೆ. ಅರಿಶಿನ ಹಚ್ಚುವ ಶಾಸ್ತ್ರಕ್ಕೆ ವಿಧವೆ ತಾಯಿ ಮುಂದೆ ಬರಬಾರದೆಂದು ಮೈದುನ ಹನಮಂತ ಊರಿನಿಂದಲೇ ಹೇಳಿಕಳಿಸಿದ್ದ. ಲಕ್ಕವ್ವ ಆಗ ಒಪ್ಪಿಕೊಂಡಿದ್ದಳು. ಈಗ ತಿರುಗಿಬಿದ್ದಳು. “ಆಕಿ ತನ್ನ ಮಾರಿಗೇ ಹಚ್ಕೊಂಡಾಳ. ನಾ ಹೆತ್ತ ಮಗಳಿಗೆ ಹಚ್ಚಾಕ ಏನ್ ಧಾಡಿ?”

ಶಾಸ್ತ್ರದ ಹಿಂದಿನ ದಿನ ಏಳನೆಯ ಅಧ್ಯಾಯ ಬರೆಯುತ್ತಿದ್ದ ಟೀಚರ್ ಪೆನ್ನು ಕೆಳಗಿಟ್ಟರು. ಅದರಲ್ಲಿ ಆ ಮೀನು ಮಾರುವವಳು ಮರದ ತುಂಡೊಂದನ್ನು ನೀರು ಹಾಕಿ ಕಲ್ಲಿನ ಮೇಲೆ ತೇಯುತ್ತಿದ್ದಳು. ಅವಳ ಕೆನ್ನೆಯ ಹಳದಿ ಅದು, ತೊಗಟೆಯ ಗಂಧ! ಇಂಗ್ಲಿಷಿನಲ್ಲಿದ್ದದ್ದು ಬರೀ ‘ಹಳದಿ ಲೇಪ’. ಹೆಂಗಸರು ಕೆನ್ನೆಗೆ ಹಚ್ಚುವ ಹಳದಿ ಇನ್ನೇನಿದ್ದೀತು ಎಂದು ತಾವೇ ಅರಿಶಿನ ಮಾಡಿಬಿಟ್ಟಿದ್ದರು.

ಸುಮ್ಮನಿದ್ದರೆ ಯಾರಿಗೂ ತಿಳಿಯದು. ಹೇಳಿದರೆ ಲಕ್ಕವ್ವ ನಾಳೆ ಮೂಲೆ ಸೇರಬಹುದು. ಆದರೂ ತಮ್ಮ ತಪ್ಪನ್ನು ನಂಬಿಸಿ ಅವಳನ್ನು ನೆಂಟರೆದುರು ನಿಲ್ಲಿಸಲು ಟೀಚರಿಗೆ ಮನಸ್ಸು ಬರಲಿಲ್ಲ. ಮಹಡಿ ಹತ್ತಿ ಎಲ್ಲವನ್ನೂ ಹೇಳಿದರು.

ಲಕ್ಕವ್ವ ಹಿಟ್ಟು ನಾದುವುದನ್ನು ನಿಲ್ಲಿಸಿದಳು. “ಮತ್ತ ಮಂದಿ ಆಕಿನ್ನ ಆಡ್ಕೊಳ್ಳಲಿಲ್ಲೇನ್ರಿ?”

“ಇಲ್ಲ ಲಕ್ಕವ್ವ. ಬಿಸಿಲಿಗೆ ಅಂತ ಅಲ್ಲಿ ಎಲ್ಲರೂ ಹಚ್ಕೋತಾರಂತೆ. ಗಂಡ ಇರೋದಕ್ಕೂ ಅದಕ್ಕೂ ಸಂಬಂಧ ಇಲ್ಲ.”

ಲಕ್ಕವ್ವ ಮತ್ತೆ ನಾದತೊಡಗಿದಳು.

“ಹಂಗಾದ್ರ ಆಕಿ ಏನೂ ದೊಡ್ಡದ ಮಾಡಿಲ್ಲ ಬಿಡ್ರಿ. ನಾ ಮಾಡೂದ ದೊಡ್ಡದು.”

ಮರುದಿನ ಅವಳು ಮಗಳ ಮುಂದೆ ಕೂತಾಗ ಹಾಡುತ್ತಿದ್ದ ಹೆಂಗಸರು ತಡವರಿಸಿದರು. ಹನಮಂತ ಗಂಟಲು ಸರಿಮಾಡಿಕೊಂಡ. “ವೈನಿ, ಹಿಂದ ಸರೀರಿ.”

“ನೀನ ಒಂಚೂರು ಸರಿಯಪ್ಪಾ ಹನಮಂತ, ಕೈ ಆಡ್ಸಾಕ ಜಾಗ ಸಾಲವಲ್ದು.”

ಯಾರೋ ಕಿಸಕ್ಕೆಂದರು. ಅರಿಶಿನದ ಬಟ್ಟಲು ಹಿಡಿದಿದ್ದ ಟೀಚರ್ ಅದನ್ನು ಲಕ್ಕವ್ವನ ಕೈಗೆಟುಕುವಂತೆ ಇನ್ನಷ್ಟು ಬಗ್ಗಿಸಿದರು. ಅವಳು ಎರಡೂ ಅಂಗೈ ಅದ್ದಿ, ಮಗಳ ಎರಡೂ ಕೆನ್ನೆ ತುಂಬ ಹಚ್ಚಿದಳು.