ನನ್ನ ಹುಟ್ಟಿದ ದಿನ ಹುಡುಕಿಕೊಟ್ಟ ಕಾಕಾ

ಎರಡನೇ ಮಹಡಿಯ ಕಾಕಾ ಅವರ ಅಂಗಿಯ ಜೇಬಿನ ಅಂಚು ಸದಾ ಬೆಳ್ಳಗಿರುತ್ತಿತ್ತು. ಒಳಗೊಂದು ಸೀಮೆಸುಣ್ಣದ ತುಂಡು. ಬೆಳಿಗ್ಗೆ ಹಾಲು ತರಲು ಇಳಿದವರು, ಮುಲುಂಡಿನ ನಮ್ಮ ಸೊಸೈಟಿಯ ಬೋರ್ಡಿನಲ್ಲಿ, ನೀರು ಬರುವ ಹೊತ್ತಿನ ಸೂಚನೆಯ ಕೆಳಗೆ, ಅದೇ ತಾರೀಖಿನಂದು ಹಿಂದೆಂದೋ ನಡೆದದ್ದನ್ನು ಮರಾಠಿಯಲ್ಲಿ ಬರೆಯುವರು. ವಿಜಯಪುರದ ಕಡೆಯವರು, ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಖಾತ್ರಿಯಾಗದ ತಾರೀಖನ್ನು ಮಾತ್ರ ಬೋರ್ಡಿಗೆ ಹತ್ತಿಸುತ್ತಿರಲಿಲ್ಲ.

ಬರೆದು ಸುಮ್ಮನಿರುವ ಜೀವವೂ ಅಲ್ಲ. ಬೋರಿಬಂದರದಿಂದ ಠಾಣೆಗೆ ಮೊದಲ ರೈಲು ಓಡಿದ ಏಪ್ರಿಲ್ ಹದಿನಾರರಂದು, ಲೋಕಲ್ ಹಿಡಿಯಲು ಓಡುತ್ತಿದ್ದ ನನ್ನನ್ನು ತಡೆದು, ಆ ರೈಲು ನಮ್ಮ ಮುಲುಂಡ್ ದಾಟುವಾಗ ಇಲ್ಲಿ ದನ ಕಾಯುತ್ತಿದ್ದವರು ಏನಂದುಕೊಂಡಿರಬೇಕು ಎಂದು ಕೇಳಿದ್ದರು. ಲೋಕಲ್ ತಪ್ಪಿತು, ಸಿಟ್ಟೂ ಬಂತು. ಮುಂದಿನ ಗಾಡಿಯಲ್ಲಿ ನೇತಾಡುತ್ತ ನಾನೂ ಅದನ್ನೇ ಯೋಚಿಸುತ್ತಿದ್ದೆ.

ನನ್ನ ಕಾಗದಪತ್ರಗಳಲ್ಲೆಲ್ಲ ಜನ್ಮದಿನ ಜೂನ್ ಒಂದು. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡದ್ದು. ನಮ್ಮ ಕಡೆ ಅರ್ಧ ಊರು ಅದೇ ದಿನ ಹುಟ್ಟಿದೆ. ನಿಜವಾದ ದಿನ ಯಾವುದೆಂಬ ಹುಳ ತಲೆಯಲ್ಲಿ ಕೊರೆಯುತ್ತಿತ್ತು, ಆದರೆ ಅವ್ವನಿಗೆ ತಾರೀಖು ಗೊತ್ತಿಲ್ಲ. ಅವಳು ಬೆಳಗಾವಿ ಕಡೆಯ ನಮ್ಮ ಹಳ್ಳಿಯಿಂದ ಬಂದಿದ್ದಾಗ ಕಾಕಾ ಚಹಾದ ನೆಪದಲ್ಲಿ ಎದುರು ಕೂತರು.

"ಇಂವ ಹುಟ್ಟೂಮುಂದ ಊರಾಗ ಏನರ ಆಗಿತ್ತೇನ್ರಿ ಅಕ್ಕಾರ?"

"ನಸಿಕಿನ್ಯಾಗ ಭೂಮಿ ನಡಗಿತ್ರಿ. ಭಾಂಡೆ ಎಲ್ಲಾ ದಡದಡ ಬಿದ್ದೂ. ಅದರ ಮೂರನೇ ದಿನಕ್ಕ ಇಂವ."

ಕಾಕಾ ಕಪ್ಪು ಕೆಳಗಿಟ್ಟರು. ಕೊಯ್ನಾ ಭೂಕಂಪ, 1967ರ ಡಿಸೆಂಬರ್ ಹನ್ನೊಂದು. ಆದರೂ ಅವರಿಗೆ ಸಮಾಧಾನವಿಲ್ಲ. ನಡುಗಿದ ದಿನವನ್ನು ಹಿಡಿದು ಮೂರೋ, ಬಿಟ್ಟು ಮೂರೋ ಎಂದು ಕೇಳಿದರು. ಅವ್ವ ಯೋಚಿಸಿ, ಅವತ್ತು ಬುಧವಾರದ ಸಂತೆ, ಸೂಲಗಿತ್ತಿಯನ್ನು ಸಂತೆಯಿಂದಲೇ ಕರೆತಂದದ್ದು ಎಂದಳು. ಕಾಕಾ ಬೆರಳು ಮಡಚಿ ವಾರ ಲೆಕ್ಕ ಹಾಕಿದರು. ಭೂಕಂಪವಾದದ್ದು ಸೋಮವಾರ. ಅಂದರೆ ನಾನು ಹದಿಮೂರರವನು. ಐವತ್ತು ದಾಟಿದ ಗಂಡಸು, ನನಗೆ ಕಣ್ಣು ತುಂಬಿ ಬಂತು.

ನಿಮ್ಮದು ಯಾವಾಗ ಎಂದು ಕೇಳಿದೆ.

"ನಂದೂ ಜೂನ್ ಒಂದ ಐತಿ ತಮ್ಮಾ," ಎಂದು ನಕ್ಕರು. "ನಮ್ಮವ್ವ ನಾ ಸಣ್ಣಾಂವ ಇದ್ದಾಗನ ಹೋದ್ಲು. ಕೇಳಾಕ ಯಾರೂ ಉಳದಿಲ್ಲ."

ಆ ಡಿಸೆಂಬರ್ ಹದಿಮೂರರಂದು ಬೋರ್ಡಿನಲ್ಲಿ ಮೊದಲ ಸಲ ಕನ್ನಡ ಅಕ್ಷರಗಳು ಮೂಡಿದವು, ನನ್ನ ಹೆಸರಿನೊಂದಿಗೆ. ಆಮೇಲೆ ಪ್ರತಿ ವರ್ಷವೂ ಬರೆದರು.

ಹೋದ ವರ್ಷ ಕಾಕಾ ತೀರಿಕೊಂಡರು. ಬೋರ್ಡಿನಲ್ಲಿ ಸಾವಿನ ಸುದ್ದಿ ಬರೆಯಲು ಸೊಸೈಟಿಯವರು ನನಗೇ ಹೇಳಿ, ಕಾಕಾ ಅವರ ಆಧಾರ್ ಕಾರ್ಡು ಕೈಗಿತ್ತರು. ಹೆಸರು ಬರೆದೆ, ಹೋದ ದಿನ ಬರೆದೆ, ವಾರ ಬರೆದೆ. ಹುಟ್ಟಿದ ದಿನದ ಜಾಗ ಖಾಲಿ ಬಿಟ್ಟೆ.