ಕೆಂಪಮ್ಮ ಮೊದಲು ಕುಡಿದ ರಸ

ಕೋವಿಡ್ ಇಳಿದ ಮರುವರ್ಷದ ಮಾತು. ಯಲಹಂಕದ ಒಂದು ಆಸ್ಪತ್ರೆಯಲ್ಲಿ ನಾನು ಹಿರಿಯ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ. ಮನುಷ್ಯರು ಸುಳ್ಳು ಹೇಳುತ್ತಾರೆ, ರಕ್ತ ಹೇಳುವುದಿಲ್ಲ ಎಂದು ಎಲ್ಲರೆದುರು ಜಂಬ ಕೊಚ್ಚುತ್ತಿದ್ದ ಕಾಲ ಅದು.

ಒಂದು ಸೋಮವಾರ ಬೆಳಿಗ್ಗೆ ಗೌರಿ ಎಂಬ ಮೂವತ್ತರ ಹೆಂಗಸನ್ನು ಕರೆತಂದರು. ಜಕ್ಕೂರಿನಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಗಾರೆ ಕೆಲಸದವಳು. ಐದು ದಿನದ ಜ್ವರ, ವಾಂತಿ, ಹಳದಿ ತಿರುಗಿದ ಕಣ್ಣು. ಎಸ್‌ಜಿಪಿಟಿ ಎಂಬುದು ಯಕೃತ್ತಿಗೆ ಪೆಟ್ಟು ಬಿದ್ದಿದೆಯೇ ಎಂದು ತಿಳಿಸುವ ಪರೀಕ್ಷೆ. ನಲವತ್ತರೊಳಗೆ ಇರಬೇಕಾದ ಅಂಕಿ ನಾಲ್ಕು ಸಾವಿರ ದಾಟಿತ್ತು. ಯಂತ್ರ ಕೆಟ್ಟಿರಬೇಕೆಂದು ಮತ್ತೊಮ್ಮೆ ಹಾಕಿದೆ. ಅಷ್ಟೇ ಬಂತು. ಕಾರಣ ಬೇಗ ತಿಳಿಯದಿದ್ದರೆ ಅವಳು ಉಳಿಯುವುದು ಕಷ್ಟವಿತ್ತು.

ಜೊತೆಗೆ ತಾಯಿ ಕೆಂಪಮ್ಮ ಬಂದಿದ್ದರು. ಮಾಗಡಿ ಕಡೆಯ ಇರುಳಿಗ ಬುಡಕಟ್ಟಿನವರು, ಕಾಡಿನ ಗಿಡಮೂಲಿಕೆ ಬಲ್ಲವರು. ಐದು ದಿನದಿಂದ ಮಗಳಿಗೆ ಒಂದು ಸೊಪ್ಪಿನ ರಸ ಕುಡಿಸುತ್ತಿದ್ದುದನ್ನು ತಾವೇ ಹೇಳಿದರು. ನಮಗೆ ಅಷ್ಟೇ ಸಾಕಾಯಿತು. ಡಾ. ನಸ್ರೀನ್ ಕೇಸ್ ಶೀಟಿನಲ್ಲಿ ‘ನಾಟಿ ಔಷಧಿ’ ಎಂದು ಬರೆದು ಕೆಳಗೆ ಗೆರೆ ಎಳೆದರು. ಆದರೆ ಯಾವ ಸೊಪ್ಪು ಎಂದು ಎಷ್ಟು ಕೇಳಿದರೂ ಕೆಂಪಮ್ಮ ಬಾಯಿ ಬಿಡಲಿಲ್ಲ. ಹೆಸರು ಆಡಿದರೆ ಮದ್ದಿನ ಗುಣ ಹೋಗುತ್ತದೆ ಎಂಬುದು ಅವರ ಹಿರಿಯರ ಕಟ್ಟಳೆ.

ನನಗೆ ಪಿತ್ತ ನೆತ್ತಿಗೇರಿತು. “ಮಗಳು ಸಾಯೋ ಹಂಗಿದ್ದಾಳೆ, ನಿಮಗೆ ಕಟ್ಟಳೆ ಮುಖ್ಯಾನಾ? ಏನ್ ಮುಚ್ಚಿಡ್ತಿದ್ದೀರಾ?” ಎಂದು ಕಾರಿಡಾರಿನಲ್ಲೇ ಕೂಗಾಡಿದೆ.

ಅವರು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಸೆರಗು ಸರಿಸಿ ಎಡಗೈ ಚಾಚಿದರು.

“ನನ್ ರಕ್ತಾನೂ ತಗಳಪ್ಪ. ಮದ್ದು ಕೊಡೋರು ಮೊದ್ಲು ಕುಡೀಬೇಕು. ಅವ್ಳಿಗೆ ಒಂದ್ ಲೋಟ ಕೊಡಕೆ ಮುಂಚೆ ನಾನೊಂದ್ ಲೋಟ ಕುಡ್ದಿವ್ನಿ. ಐದು ದಿನಾನೂ ಇಂಗೇಯ.”

ನನ್ನ ಸರ್ವೀಸಿನಲ್ಲಿ ಅಂಥ ಸ್ಯಾಂಪಲ್ ಯಾರೂ ಕೊಟ್ಟಿರಲಿಲ್ಲ. ಪರೀಕ್ಷಿಸಿದೆ. ಇಪ್ಪತ್ತಾರು ಬಂತು. ನನ್ನದಕ್ಕಿಂತ ಚೆನ್ನಾಗಿತ್ತು! ರಿಪೋರ್ಟ್ ಹಿಡಿದು ಡಾಕ್ಟರ ಬಳಿ ಓಡಿದೆ.

“ಇದೊಂದೇ ಪ್ರೂಫ್ ಆಗಲ್ಲ, ಒಬ್ಬೊಬ್ರ ಮೈ ಒಂದೊಂದ್ ಥರ,” ಎಂದ ಡಾ. ನಸ್ರೀನ್ ಕೇಸ್ ಶೀಟಿನಲ್ಲಿ ತಾವೇ ಎಳೆದ ಗೆರೆಯನ್ನು ನೋಡಿದರು. “ಆದ್ರೆ ಸೊಪ್ಪು ಅಂದ ತಕ್ಷಣ ನಾವು ಬೇರೇನೂ ಕೇಳ್ಲೇ ಇಲ್ಲ, ಅಲ್ವಾ ಸರ್?”

ಗೌರಿಗೆ ಇನ್ನೂ ಪ್ರಜ್ಞೆ ಇತ್ತು. ಬೇರೆ ಏನಾದರೂ ತಗೊಂಡಿದ್ದೀಯಾ ಎಂದು ಕೇಳಿದಾಗ ತನ್ನ ಚೀಲದ ಕಡೆ ಕೈ ತೋರಿಸಿದಳು. ಅದರಲ್ಲಿ ನಾಲ್ಕು ಬಗೆಯ ಮಾತ್ರೆಗಳಿದ್ದವು. ಒಂದು ಮೆಡಿಕಲ್ ಸ್ಟೋರಿನದು, ಒಂದು ಸೂಪರ್‌ವೈಸರ್ ಕೊಟ್ಟದ್ದು, ಇನ್ನೆರಡು ಪಕ್ಕದ ಶೆಡ್ಡಿನವರದು. ಬೇಗ ಗುಣವಾಗಲೆಂದು ನಾಲ್ಕನ್ನೂ ದಿನಕ್ಕೆ ಮೂರು ಹೊತ್ತು ನುಂಗಿದ್ದಳು. ಹೆಸರು ನಾಲ್ಕು, ಬಣ್ಣ ನಾಲ್ಕು. ಒಳಗಿದ್ದುದು ಒಂದೇ, ಪ್ಯಾರಾಸಿಟಮಾಲ್. ಅಳತೆ ಮೀರಿದರೆ ಅದು ಯಕೃತ್ತನ್ನೇ ಸುಡುತ್ತದೆ.

“ನಿನ್ ಮದ್ದು ಸಾಲ್ದು ಅಂದಂಗಾಯ್ತದೆ, ಅವ್ವ ಬೇಜಾರ್ ಮಾಡ್ಕತದೆ ಅಂತ ಏಳ್ನಿಲ್ಲ,” ಎಂದಳು ಗೌರಿ.

ಮುಚ್ಚಿಟ್ಟವಳು ಮಗಳು. ಬೈಗುಳ ತಿಂದವರು ತಾಯಿ.

ಆ ಮಧ್ಯಾಹ್ನವೇ ಪ್ಯಾರಾಸಿಟಮಾಲ್‌ಗೆ ತಕ್ಕ ಪ್ರತಿವಿಷವನ್ನು ಡ್ರಿಪ್‌ನಲ್ಲಿ ಶುರು ಮಾಡಿದರು. ಐದನೆಯ ದಿನ ಅಂಕಿ ಸಾವಿರಕ್ಕಿಂತ ಕೆಳಗಿಳಿಯಿತು, ಗೌರಿ ಎದ್ದು ಕೂತು ಗಂಜಿ ಕೇಳಿದಳು. ಉತ್ತರ ಸಿಕ್ಕಿತು ಅನ್ನಿಸಿದ ಮೇಲೂ ಇನ್ನೊಂದು ಪ್ರಶ್ನೆ ಕೇಳಬೇಕು ಎಂಬುದನ್ನು ಈ ಕೆಲಸ ನನಗೆ ಕಲಿಸಿದ್ದು ಅಷ್ಟು ತಡವಾಗಿ.

ಡಿಸ್ಚಾರ್ಜ್ ದಿನ ಕ್ಷಮೆ ಕೇಳಲೆಂದು ವಾರ್ಡಿಗೆ ಹೋದೆ. ಮಗಳಿಗೆಂದು ನಾವು ಕೊಟ್ಟ ಟಾನಿಕ್ ಬಾಟಲಿ ಕೆಂಪಮ್ಮನ ಕೈಯಲ್ಲಿತ್ತು. ಮುಚ್ಚಳ ತುಂಬ ಸುರಿದು ನನ್ನ ಮುಂದೆ ಹಿಡಿದರು.

“ಮೊದ್ಲು ನೀನು.”

ಕುಡಿದೆ. ನನ್ನ ಮುಖವನ್ನೇ ನೋಡುತ್ತ ಸ್ವಲ್ಪ ಹೊತ್ತು ಕಾದರು. ಆಮೇಲೆ ಮಗಳಿಗೆ ಕುಡಿಸಿದರು.