ತೊಳೆದಿಟ್ಟ ತಟ್ಟೆ

ಅದಕ್ಕೇ ಹೇಳಿದ್ದು, ವಿಜ್ಞಾನ ಕೇಂದ್ರದಲ್ಲಿ ನೀವು ನೋಡಿದ ಆ ತಟ್ಟೆ ಮಾಡಿದ್ದು ಅಣ್ಣನಲ್ಲ, ತಂಗಿ. ವಿಜ್ಞಾನ ಕೇಂದ್ರದ ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷ ತಾತ್ಕಾಲಿಕ ಫಿಟರ್ ಆಗಿದ್ದವಳು; ಎಲ್ಲರ ಬಾಯಲ್ಲೂ ಫಿಟರಕ್ಕ. ಒಡಹುಟ್ಟಿದ ಅಣ್ಣ ಅಲ್ಲೇ ಮೇಲಿನ ಹಾಲ್‌ನಲ್ಲಿ ಕ್ಯುರೇಟರ್. ಅವಳು ಮಾಡುವುದು, ಅವನು ವಿವರಿಸುವುದು.

ಆ ಸಲದ ಮಾದರಿ ಜೋಡಿ ನಕ್ಷತ್ರಗಳದ್ದು. ತಿರುಗುವ ತಟ್ಟೆಯ ನಡುವೆ ಬಲ್ಬು, ಅದೇ ನಕ್ಷತ್ರ. ಸುತ್ತ ಕಬ್ಬಿಣದ ಪುಡಿ, ಗ್ರಹಗಳಾಗಬೇಕಾದ ಧೂಳು. ಪಕ್ಕದ ತೋಳಿನ ತುದಿಗೆ ದೊಡ್ಡ ಅಯಸ್ಕಾಂತ, ಜೊತೆಗಾರ ನಕ್ಷತ್ರ. ತೋಳು ದೂರವಿದ್ದರೆ ಪುಡಿ ತನ್ನ ಪಾಡಿಗೆ ಸುತ್ತುತ್ತಾ, ತಳದಲ್ಲಿ ಅಡಗಿಸಿಟ್ಟ ಚೂರು ಅಯಸ್ಕಾಂತಗಳ ಮೇಲೆ ಉಂಡೆ ಕಟ್ಟುತ್ತದೆ. ಹತ್ತಿರ ತಂದರೆ ಜೊತೆಗಾರ ಅಂಚಿನಿಂದಲೇ ಪುಡಿ ಕಿತ್ತುಕೊಳ್ಳುತ್ತದೆ, ಉಳಿದದ್ದು ಚೆಲ್ಲಾಪಿಲ್ಲಿ. ಆಕಾಶದಲ್ಲೂ ಹಾಗೇ, ಜೊತೆಗಾರ ತೀರಾ ಹತ್ತಿರವಿದ್ದರೆ ಗ್ರಹ ಹುಟ್ಟುವುದೇ ಕಷ್ಟ.

ತಪಾಸಣೆಯಲ್ಲಿ ಮಾದರಿ ಪಾಸಾದರೆ ಫಿಟರಕ್ಕನ ಕೆಲಸ ಖಾಯಂ. ಇಲ್ಲದಿದ್ದರೆ ವರ್ಕ್‌ಶಾಪಿಗೇ ಬೀಗ.

"ಅಣ್ಣಾ, ಮೊದ್ಲು ದೂರ ಇಟ್ಟು ತೋರ್ಸು, ಆಮೇಲೆ ಹತ್ರ. ಎರಡೂ ನೋಡಿದ್ರೇನೇ ಅರ್ಥ ಆಗೋದು."

"ನಂಗೇ ಪಾಠ ಹೇಳ್ತೀಯೇನೇ? ನೀನು ಸ್ಕ್ರೂ ಬಿಗಿ ಮಾಡು, ಸಾಕು."

ತಪಾಸಣೆಯ ಸಾಹೇಬರು ಬಂದರು. ಅಣ್ಣನ ಪೀಠಿಕೆಯೇ ಮುಗಿಯಲೊಲ್ಲದು. ಸಾಹೇಬರು ವಾಚು ನೋಡಿಕೊಂಡರು. ಗಾಬರಿಯಲ್ಲಿ ಅವನು ದೂರದ್ದನ್ನು ಬಿಟ್ಟು ತೋಳನ್ನು ಸೀದಾ ಹತ್ತಿರಕ್ಕೆ ಎಳೆದ. ಪುಡಿ ಸರ್ರನೆ ಹೋಗಿ ಅಯಸ್ಕಾಂತಕ್ಕೆ ಅಂಟಿತು. ತಟ್ಟೆ ಬೋಳು.

"ಎಲ್ರೀ ಗ್ರಹ? ಉಂಡು ತೊಳೆದಿಟ್ಟ ಹಾಗಿದೆಯಲ್ಲ," ಎಂದರು ಸಾಹೇಬರು.

ಜೊತೆಗಿದ್ದವರೆಲ್ಲ ನಕ್ಕರು. ಬಾಗಿಲ ಬಳಿ ನಿಂತಿದ್ದ ಫಿಟರಕ್ಕ ಎರಡು ಹೆಜ್ಜೆ ಮುಂದೆ ಬಂದಳು. ಮಾದರಿ ತಪ್ಪಾಗಿರಲಿಲ್ಲ, ಆ ಬೋಳು ತಟ್ಟೆಯೇ ಉತ್ತರ. ಅಣ್ಣನಿಗೂ ಗೊತ್ತಿತ್ತು. ಒಂದು ಮಾತು ಸಾಕಿತ್ತು. ಅವನು ಹಲ್ಲು ಕಿರಿದ.

"ನನ್ ತಂಗೀನೇ ಮಾಡಿದ್ದು ಸಾರ್. ಓದಿಲ್ಲ ನೋಡಿ, ತೋಚಿದ್ದು ಮಾಡಿಬಿಡ್ತಾಳೆ."

"ಸಾರ್, ಗ್ರಹ ಆಗದೇ ಇರೋದೇ ಇದ್ರಲ್ಲಿ..."

"ಇರಲಿ ಬಿಡಮ್ಮ," ಎನ್ನುತ್ತಾ ಸಾಹೇಬರು ಮುಂದಿನ ಮೇಜಿಗೆ ಹೋದರು.

ತಿಂಗಳೊಳಗೆ ಬೀಗ ಬಿತ್ತು. ಬೀಗ ಹಾಕುವ ದಿನ ಅಣ್ಣ ಬಂದು, ತೋಳು ಮತ್ತೆಂದೂ ಹತ್ತಿರ ಬಾರದಂತೆ ದೂರದಲ್ಲೇ ವೆಲ್ಡ್ ಮಾಡಿಸಿದ, ಅದೂ ಅವಳ ಕೈಯಲ್ಲೇ. ಆಮೇಲೆ ಪುಡಿ ಗುಡಿಸಿ ಗ್ರಹಗಳೆಂದು ಬಣ್ಣದ ಗೋಲಿಗಳನ್ನು ಅಂಟಿಸಿದ. ಫಲಕದಲ್ಲಿ ಅವನ ಹೆಸರಿದೆ.

ಫಿಟರಕ್ಕ ಈಗ ಹಿಂದಿನ ಬೀದಿಯ ಗ್ರಿಲ್ ಅಂಗಡಿಯಲ್ಲಿ ಕಿಟಕಿ ಸರಳು ಬೆಸೆಯುತ್ತಾಳೆ. ಒಮ್ಮೆ ಹೋಗಿ, ಜೋಡಿ ನಕ್ಷತ್ರದ ವಿಷಯ ಕೇಳಿ. ಆದಷ್ಟು ಬೆಳಗ್ಗೆಯೇ ಹೋಗಿ. ಮಾಲೀಕ ಬಂದ ಮೇಲೆ ಅವಳನ್ನು ಮಾತಾಡಲು ಬಿಡುವುದಿಲ್ಲ.